ಕ್ಯಾಸೆಟ್ ಕೊಡ್ತೀಯೇನೋ?

ಚಳ್ಳಕೆರೆಯ ನಮ್ಮ ಮನೆಯ ಟಿವಿ ಗೇಮ್‌ಗೆ ಇದ್ದದ್ದು ಎರಡೇ ಕ್ಯಾಸೆಟ್. ಮೂರನೆಯದು ಬೇಕಂದ್ರೆ ಮೊಳಕಾಲ್ಮೂರಿನ ಬಸ್ ಹತ್ತಬೇಕು. ಅಲ್ಲಿ ಸೋದರಮಾವನ ಮನೆ. ರೇಷ್ಮೆ ಸೀರೆ ಮಗ್ಗದ ಸದ್ದಿನ ಪಕ್ಕದಲ್ಲೇ ಆಡಿ, ನನ್ನ ಮಾರಿಯೋ ಮಾವನ ಮಗನಿಗೆ ಕೊಟ್ಟು, ಅವನ ಕಾಂಟ್ರಾ ತರ್ತಿದ್ದೆ.

2020ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್, ಸೋನಿ ಎರಡೂ ಹೊಸ ತಲೆಮಾರಿನ ಕನ್ಸೋಲ್ ಬಿಟ್ಟಾಗ ನಮ್ಮ ಆಫೀಸ್ ಗ್ರೂಪಲ್ಲಿ ಒಂದೇ ಜಗಳ: ಎಕ್ಸ್‌ಬಾಕ್ಸ್‌ನ 12 ಟೆರಾಫ್ಲಾಪ್ ದೊಡ್ಡದೋ, ಪಿಎಸ್5ನ ವೇಗದ ಎಸ್‌ಎಸ್‌ಡಿ ದೊಡ್ಡದೋ? ಜಗಳ ಆಡಬೇಕಿದ್ದ ವಿಷಯವೇ ಬೇರೆ ಇತ್ತು.

2013 ನೆನಪಿದೆಯಾ? ಡಿಸ್ಕ್ ಎರವಲು ಕೊಡೋದಕ್ಕೆ, ಮಾರೋದಕ್ಕೆ ಎಕ್ಸ್‌ಬಾಕ್ಸ್ ಒನ್ ಕಟ್ಟುಪಾಡು ಹಾಕಲು ಹೊರಟಾಗ, ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುವ ಪುಟ್ಟ ವಿಡಿಯೋ ಮಾಡಿ ಸೋನಿ ಗೇಲಿ ಮಾಡಿತ್ತು. ಜನರೂ ಬೈದರು. ಮೈಕ್ರೋಸಾಫ್ಟ್ ಅದೇ ಜೂನ್‌ನಲ್ಲಿ ಹಿಂದೆ ಸರಿಯಿತು. ಪೈಪೋಟಿಯಿಂದ ನಮಗೆ ಲಾಭ ಆಗೋದು ಅಂದ್ರೆ ಹೀಗೆ.

ಏಳು ವರ್ಷದ ನಂತರ ಇಬ್ಬರೂ ಡಿಸ್ಕ್ ಹಾಕೋ ಜಾಗವೇ ಇಲ್ಲದ ಮಾದರಿ ತಂದರು. ಆಗ ಭಾರತದಲ್ಲಿ ಸೀರೀಸ್ ಎಸ್‌ಗೆ 34,990 ರೂಪಾಯಿ, ಪಿಎಸ್5 ಡಿಜಿಟಲ್‌ಗೆ 39,990. ಡಿಸ್ಕ್ ಬೇಕಂದ್ರೆ ಎರಡು ಕಡೆಯೂ 49,990 ಇತ್ತು. ಅಂದ್ರೆ ಎರವಲು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದಿಲ್ಲ. ಗೇಮ್ ಪಾಸ್ ಇದೆಯಲ್ಲ ಅಂತೀರಿ. ಅದು ಬಾಡಿಗೆ, ದುಡ್ಡು ನಿಂತರೆ ಆಟವೂ ನಿಂತಿತು.

ನಾನೂ ಅಗ್ಗ ಅಂತ ಸೀರೀಸ್ ಎಸ್ಸೇ ತಗೊಂಡೆ. ಮೊನ್ನೆ ಮೊಳಕಾಲ್ಮೂರಿನಿಂದ ಮಾವನ ಮೊಮ್ಮಗ ಫೋನಲ್ಲಿ ಕೇಳಿದ: "ಮಾಮ, ನೀವು ಆಡಿ ಮುಗಿಸಿದ ಗೇಮ್ ನನಗೆ ಕೊಡ್ತೀರಾ?"

ಕೊಡೋಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.