ಹಾಡಿನ ಹಿಂಬದಿ

1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಮಾಡಿಕೊಂಡಾಗ, ಗೌಹರ್ ಜಾನ್ ಹಾಡು ಮುಗಿಸಿ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಪ್ಲೇಟುಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಲೇಬಲ್ ಮೇಲೆ ಯಾರ ಹೆಸರು ಹಾಕಬೇಕೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಿತ್ತು. ರೆಕಾರ್ಡಿನ ಕವರು ಮಾಡಬೇಕಾದ ಕೆಲಸವನ್ನು ಅಂದು ಕಂಠವೇ ಮಾಡಿತು. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಈ ಗಾಯಕಿ ಯಾರೆಂದು ಪ್ಲೇಟು ಇಂದಿಗೂ ಹೇಳುತ್ತದೆ.

ಇದು ಯಾರ ಹಾಡು, ಬರೆದವರು ಯಾರು, ಪಕ್ಕದಲ್ಲಿ ಕೂತು ನುಡಿಸಿದವರು ಯಾರು ಎಂದು ಹೇಳುವುದೇ ಕವರಿನ ಮೊದಲ ಧರ್ಮ, ಚೆಂದ ಆಮೇಲಿನದು. ಈ ಅಳತೆಯಿಂದ ನೋಡಿದರೆ ಕಲ್ಕತ್ತೆಯ ರೆಕಾರ್ಡು ಉದ್ಯಮದ ಚರಿತ್ರೆ ಒಂದೇ ಸಮನೆ ಮೇಲೇರಿದ್ದಲ್ಲ.

1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಈ ಕಂಪನಿಯ ಪ್ಲೇಟು ಅಚ್ಚುಹಾಕುವ ಕಾರ್ಖಾನೆ ಶುರುವಾಯಿತು. ಮುಂದೆ ದಂದಂ ಕಂಪನಿಯ ದೊಡ್ಡ ನೆಲೆಯಾಯಿತು. ಅರಗಿನ ಪ್ಲೇಟು ಕೈಜಾರಿದರೆ ಚೂರು, ಮರಳು ತಗುಲಿದರೆ ಗೀರು. ಹಾಗಾಗಿ ಕವರು ಬಂತು: ಒರಟು ಕಾಗದ, ನಡುವೆ ಲೇಬಲ್ ಕಾಣಲೆಂದು ದುಂಡಗಿನ ಕಿಂಡಿ, ಸುತ್ತ ಕಂಪನಿಯ ಹೆಸರು, ಗ್ರಾಮೊಫೋನಿನ ಕೊಳವೆಯ ಮುಂದೆ ಕಿವಿಗೊಟ್ಟು ಕೂತ ಎಚ್‌ಎಂವಿ ಗುರುತಿನ ನಾಯಿ. ಯಾವ ಗಾಯಕರ ಪ್ಲೇಟಿಗೂ ಅದೇ ಕವರು. ಪ್ಲೇಟನ್ನು ಕಾಪಾಡುವುದಕ್ಕೆ ಅದು ಸಾಕಿತ್ತು. ಆದರೆ ನಾಯಿಗೆ ಸಿಕ್ಕ ಜಾಗ ಸಾರಂಗಿಯವರಿಗೆ ಸಿಗಲಿಲ್ಲ ಎಂಬುದು ನನಗೆ ನೋವಿನ ವಿಷಯ.

ಬಂಗಾಳಿಗಳು ಈ ಕೊರತೆಯನ್ನು ಕವರಿನ ಹೊರಗೆ ತುಂಬಿಕೊಂಡರು. ದುರ್ಗಾಪೂಜೆಗೆ ಹೊಸ ಹಾಡು ಬರುವುದು ಅಲ್ಲಿ ಹೊಸ ಬಟ್ಟೆಯಷ್ಟೇ ಕಡ್ಡಾಯವಾಗಿತ್ತು. ಆ ಹಾಡುಗಳ ಜೊತೆ ಎಚ್‌ಎಂವಿ ‘ಶಾರದ ಅರ್ಘ್ಯ’ ಎಂಬ ಪುಸ್ತಿಕೆ ತರುತ್ತಿತ್ತು. ಗಾಯಕರ ಫೋಟೊ, ಹಾಡಿನ ಪೂರ್ತಿ ಸಾಹಿತ್ಯ, ಬರೆದವರು, ರಾಗ ಹಾಕಿದವರು, ಹಾಡಿದವರು ಎಲ್ಲ ಒಂದೇ ಕಡೆ. ಪ್ಲೇಟು ಕೊಳ್ಳಲು ದುಡ್ಡಿಲ್ಲದವರೂ ಅದನ್ನು ಹಿಡಿದು, ರೇಡಿಯೊದಲ್ಲಿ ಹಾಡು ಬಂದಾಗ ಜೊತೆಗೆ ಗುನುಗಬಹುದಿತ್ತು. ಹೇಮಂತ ಮುಖರ್ಜಿ ಹಾಡಿದ ‘ಗಾಂಯೇರ್ ಬಧು’ವಿನ ಮಾತೂ ರಾಗವೂ ಸಲಿಲ್ ಚೌಧುರಿಯವರದೆಂದು ಸಾಮಾನ್ಯ ಕೇಳುಗರೂ ಹೇಳುವಂಥ ಸಂಸ್ಕೃತಿ ಇಂಥ ಕಾಗದಗಳ ಬಲದಿಂದ ಬೆಳೆಯಿತು ಎಂದು ನನ್ನ ನಂಬಿಕೆ. ಕಲ್ಕತ್ತೆ ಮಾಡಿದ ಅತ್ಯುತ್ತಮ ಕವರು, ಕವರೇ ಅಲ್ಲದ ಈ ಪುಸ್ತಿಕೆ.

ಎಲ್‌ಪಿ ಬಂದಾಗ ಹನ್ನೆರಡು ಇಂಚಿನ ಚೌಕ ಕೈಗೆ ಸಿಕ್ಕಿತು. ಮುಂದೆ ಕಲಾವಿದರ ದೊಡ್ಡ ಚಿತ್ರ, ಹಿಂದೆ ರಾಗದ ಮೇಲೊಂದು ಪುಟ್ಟ ಪ್ರಬಂಧ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರ ಎಚ್‌ಎಂವಿ ತಟ್ಟೆಗಳು ನಮ್ಮ ಮನೆಗಳಿಗೆ ಬಂದದ್ದು ಈ ರೂಪದಲ್ಲೇ. ಸಂಗೀತ ಕಲಿಯದವರಿಗೂ ರಾಗದ ಹೆಸರು, ತಾಳದ ಹೆಸರು, ಘರಾಣೆಯ ಕಥೆ ಹಿಂಬದಿಯಿಂದ ದಕ್ಕಿತು. ಆದರೆ ಆ ಬರಹ ಬಹುಪಾಲು ಇಂಗ್ಲಿಷಿನಲ್ಲಿ. ತಬಲಾ, ಹಾರ್ಮೋನಿಯಂನವರ ಹೆಸರು ಸಣ್ಣಕ್ಷರದ ಒಂದು ಸಾಲಿನಲ್ಲಿ. ಧಾರವಾಡದ ಗಾಯಕರ ಬಗ್ಗೆ ಧಾರವಾಡದ ಓದುಗರಿಗೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಲು ಅಷ್ಟು ದೊಡ್ಡ ಚೌಕದಲ್ಲಿ ಜಾಗವಿರಲಿಲ್ಲವೆ?

ಕ್ಯಾಸೆಟ್ಟು ಜಾಗವನ್ನು ಅಂಗೈಯಗಲಕ್ಕೆ ಇಳಿಸಿತು. ಆದರೂ 1978ರ ‘ನಿತ್ಯೋತ್ಸವ’ದೊಂದಿಗೆ ಬರೆದ ನಿಸಾರ್ ಅಹಮದ್, ರಾಗ ಹಾಕಿದ ಮೈಸೂರು ಅನಂತಸ್ವಾಮಿ ಎಂಬ ಎರಡು ಹೆಸರೂ ಒಟ್ಟಿಗೇ ಮನೆಮನೆಗೆ ಬಂದವು. ಮನಸ್ಸಿದ್ದರೆ ಸಣ್ಣ ಕಾಗದವೂ ಸಾಲುತ್ತದೆ.

ದಂದಂನ ಅದೇ ಎಚ್‌ಎಂವಿ ಕಂಪನಿ, ಸರೆಗಮ ಎಂಬ ಹೊಸ ಹೆಸರಿನಲ್ಲಿ, 2017ರಲ್ಲಿ ಕಾರವಾನ್ ಎಂಬ ಹಾಡಿನ ಪೆಟ್ಟಿಗೆ ತಂದಿತು. ಹಳೇ ರೇಡಿಯೊದ ರೂಪ, ಒಳಗೆ ಐದು ಸಾವಿರ ಹಾಡು. ಗುಂಡಿ ತಿರುಗಿಸಿದರೆ ಸಾಕು, ಕಣ್ಣು ಮಂಜಾದ ಹಿರಿಯರಿಗೂ ಹಾಡು ಸಿಗುತ್ತದೆ. ಅದು ನಿಜವಾದ ಉಪಕಾರ. ವಿನ್ಯಾಸವಾಗಿ ನಾನದನ್ನು ಮೆಚ್ಚುತ್ತೇನೆ. ಆದರೆ ಈ ಹಾಡಿನಲ್ಲಿ ಕೊಳಲು ಯಾರದು ಎಂದು ಕೇಳಿದರೆ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಮೊಬೈಲಿನಲ್ಲಂತೂ ಉಗುರಗಲದ ಮುಖಚಿತ್ರವೊಂದೇ. ಹಳೆಯ ಎಲ್‌ಪಿಯ ಹಾಡುಗಳನ್ನು ಅಲ್ಲಿ ಏರಿಸುವಾಗ ಮುಂಬದಿಯ ಚಿತ್ರ ಬರುತ್ತದೆ, ಹಿಂಬದಿ ಗೋದಾಮಿನಲ್ಲೇ ಉಳಿಯುತ್ತದೆ. ಅದನ್ನೂ ಸ್ಕ್ಯಾನ್ ಮಾಡಿ ಪಕ್ಕದಲ್ಲಿ ಹಾಕಲು ಹೊಸ ಯಂತ್ರವೇನೂ ಬೇಕಿಲ್ಲ. ಕಂಪನಿ ಕನ್ನಡದ ತಟ್ಟೆಗಳಿಂದಲೇ ಆ ಕೆಲಸ ಶುರುಮಾಡಲಿ.