ಕಣ್ಣಿಗೆ ಬಿದ್ದ ಕಾಳಗ: ಗಂಗರ ಕಾಲದ ವೀರಗಲ್ಲುಗಳು

ಗಂಗರ ಕಾಲದ ವೀರಗಲ್ಲುಗಳ ಬಗ್ಗೆ ಕಲಾಚರಿತ್ರೆ ಬಹಳ ಹಿಂದೆಯೇ ತೀರ್ಪು ಕೊಟ್ಟು ಸುಮ್ಮನಾಗಿದೆ: ಮೇಲಿನ ಬರಹ ಅಮೂಲ್ಯ, ಕೆಳಗಿನ ಶಿಲ್ಪ ಒರಟು. ವೀರನನ್ನು ಅಳತೆ ಮೀರಿ ದೊಡ್ಡದಾಗಿ ಕೆತ್ತುವುದು, ಸುತ್ತಲಿನವರನ್ನು ಗುಬ್ಬಚ್ಚಿಗಳಂತೆ ಕುಗ್ಗಿಸುವುದು, ಹಿಂದುಮುಂದಿನ ಅಂತರವನ್ನೇ ಅಳಿಸಿಬಿಡುವುದು, ಇವೆಲ್ಲ ಹಳ್ಳಿಯ ಕಲ್ಲುಕುಟಿಗನ ಅಜ್ಞಾನವೆಂದು ಲೆಕ್ಕಕ್ಕೆ ಹಿಡಿಯಲಾಗಿದೆ. ಬೇಲೂರಿನ ಗಜಕಡ್ಡಿಯಿಂದ ಬೇಗೂರಿನ ಕಲ್ಲನ್ನು ಅಳೆದರೆ ಬೇರೆ ಫಲಿತಾಂಶ ಬರುವುದೂ ಇಲ್ಲ. ತಪ್ಪಿರುವುದು ಗಜಕಡ್ಡಿಯಲ್ಲಿ. ಈ ಕಲ್ಲುಗಳು ಕೆತ್ತಿದ್ದು ಯುದ್ಧದ ನೋಟವನ್ನಲ್ಲ, ಯುದ್ಧದಲ್ಲಿ ಯಾರು ಯಾರ ಕಣ್ಣಿಗೆ ಬಿದ್ದರು ಎಂಬುದನ್ನು.

ಹಳೆಯ ಕಾಳಗದಲ್ಲಿ ಕಾಣುವುದು, ಕಾಣಿಸಿಕೊಳ್ಳುವುದು ಎರಡೂ ಆಯುಧದಷ್ಟೇ ಮುಖ್ಯವಾಗಿದ್ದವು. ರೋಮನ್ನರು ಇದನ್ನು ಬರೆದೇ ಇಟ್ಟಿದ್ದಾರೆ. ಕ್ರಿ.ಪೂ. 52ರಲ್ಲಿ ಅಲೇಸಿಯಾದ ಮುತ್ತಿಗೆಯಲ್ಲಿ, ಮೈಮೇಲಿನ ಮೇಲಂಗಿಯ ಬಣ್ಣದಿಂದಲೇ ತಾನು ಬಂದದ್ದು ಎಲ್ಲರಿಗೂ ಗೊತ್ತಾಯಿತೆಂದು ಸೀಸರ್ ಹೇಳಿಕೊಳ್ಳುತ್ತಾನೆ. ಕರಾವಳಿಯ ವೆನೆಟಿಗಳೊಡನೆ ನಡೆದ ನೌಕಾಯುದ್ಧದಲ್ಲಿ ಸೇನಾಪತಿಯ ಕಣ್ಣೆದುರೇ ಕಾದಾಡುತ್ತಿದ್ದುದರಿಂದ ಯಾವ ಸಾಹಸವೂ ಮರೆಯಾಗುವಂತಿರಲಿಲ್ಲ ಎಂದೂ ಬರೆಯುತ್ತಾನೆ. ಕನ್ನಡ ನಾಡಿನಲ್ಲಿ ಹೀಗೆ ಕಾಣಿಸುವ ಕೆಲಸ ಬೆಳ್ಗೊಡೆಯದು, ಸಾಲುಬಾವುಟದ ಪಾಳಿಧ್ವಜದ್ದು, ಆನೆಯದು. ಆನೆಯ ಮೇಲೆ ಕುಳಿತವನು ತನ್ನ ಪಡೆಗೂ ಕಾಣುತ್ತಾನೆ, ಶತ್ರುವಿನ ಬಿಲ್ಲಿಗೂ ಕಾಣುತ್ತಾನೆ. ತಕ್ಕೋಲದ ಕಾಳಗದಲ್ಲಿ ಸತ್ತ ಚೋಳ ರಾಜಾದಿತ್ಯನನ್ನು ತಮಿಳು ಶಾಸನಗಳು ಆನೆಯ ಮೇಲೆ ಮಡಿದ ದೊರೆ ಎಂದೇ ನೆನೆಯುತ್ತವೆ.

ಬೇಗೂರು ಇಂದು ಹೊಸೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿಗಳ ಮಗ್ಗುಲಿನ ಅಪಾರ್ಟ್‌ಮೆಂಟುಗಳ ಊರು. ಇಲ್ಲಿನ ಪಂಚಲಿಂಗೇಶ್ವರ ದೇವಾಲಯಕ್ಕೆ ಬರುವವರು ಹುಡುಕುವುದು ಸುಮಾರು 890ರ ಒಂದು ಸಣ್ಣ ಬರಹವನ್ನು, ಏಕೆಂದರೆ ಅದರಲ್ಲಿ ಬೆಂಗಳೂರ ಕಾಳಗದ ಉಲ್ಲೇಖವಿದೆ. ನಗರಕ್ಕೆ ತನ್ನ ಹೆಸರು ಸಿಕ್ಕಿತು, ಸಂತೋಷ. ಆದರೆ ಬೇಗೂರಿನ ನಿಜವಾದ ಕೃತಿ ಅಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಸುಮಾರು 900ರ ನಾಗತ್ತರನ ಕಲ್ಲು. ಗಂಗರ ದೊರೆ ಎರೆಯಪ್ಪ ನೊಳಂಬ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳಿಸಿದ. ತುಂಬೆಪಾಡಿಯಲ್ಲಿ ಎದುರಾಳಿ ವೀರಮಹೇಂದ್ರನೊಡನೆ ಕಾಳಗ ನಡೆಯಿತು. ಅದು ಕೈಮೀರಿತೆನ್ನುವಾಗ ನಾಗತ್ತರ ಆನೆಗೇ ಎದುರು ನಿಂತು ಇರಿದು ಸತ್ತ. ಸುದ್ದಿ ಕೇಳಿ ಮೆಚ್ಚಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು-ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ, ಅಂದರೆ ವೀರನ ಸಾವಿಗೆ ಕೊಡುವ ದತ್ತಿಯಾಗಿ, ಕೊಟ್ಟ. ಆ ಊರುಗಳ ಪಟ್ಟಿಯಲ್ಲಿ ಇಗ್ಗಲೂರೂ ಇದೆ. ಆ ಹೆಸರಿನ ಊರು ಆನೇಕಲ್ ಸೀಮೆಯಲ್ಲಿ ಇಂದಿಗೂ ಇದೆ.

ಬರಹ ಇಷ್ಟನ್ನು ಹೇಳಿ ಮುಗಿಸುತ್ತದೆ. ಶಿಲ್ಪ ಮುಗಿಸುವುದಿಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ ಎಂಬ ಮೂರು ಅಂತಸ್ತಿನ ರೂಢಿಯನ್ನು ಈ ಕುಟಿಗ ಬದಿಗಿಟ್ಟಿದ್ದಾನೆ. ಬರಹದ ಕೆಳಗಿನ ಜಾಗವೆಲ್ಲ ರಣರಂಗಕ್ಕೇ ಹೋಗಿದೆ. ಕುದುರೆ, ಆನೆ, ಕಾಲಾಳು, ಬಿದ್ದ ದೇಹ ಒಂದರ ಮೇಲೊಂದು ಒತ್ತಿಕೊಂಡಿವೆ. ನೆಲದ ಗೆರೆ ಎಲ್ಲೂ ಇಲ್ಲ. ಖಾಲಿ ಜಾಗಕ್ಕಾಗಿ ಹುಡುಕಿದ ಕಣ್ಣಿಗೆ ಬೆರಳಗಲದ ಎಡೆಯೂ ಸಿಗದು. ಕಲಾಚರಿತ್ರೆ ಗೊಂದಲವೆಂದು ಕರೆದದ್ದು ಇದನ್ನೇ. ಆದರೆ ಧೂಳೆದ್ದ ಕಾಳಗದೊಳಗೆ ನಿಂತವನಿಗೆ ದೂರ ಎನ್ನುವುದು ಇರುವುದಿಲ್ಲ. ಮುಖದೆದುರಿನ ಕತ್ತಿಯಷ್ಟೇ ಇರುತ್ತದೆ. ಕುಟಿಗ ಅಂತರವನ್ನು ಅಳಿಸಿದ್ದು ಗೊತ್ತಿಲ್ಲದೆ ಅಲ್ಲ.

ವೀರನ ಗಾತ್ರದ ಆಕ್ಷೇಪವೂ ಇಷ್ಟೇ ಬಡವಾದದ್ದು. ಒಡೆಯನ ಅನ್ನದ ಋಣ ತೀರಿಸುವ ಜೋಳದ ಪಾಳಿಯ ಕಾಲದಲ್ಲಿ ಬಂಟನ ಸಾವು ಒಡೆಯನಿಗೆ ತಲುಪಬೇಕಿತ್ತು. ಯಾರೂ ನೋಡದ ಸಾವಿಗೆ ಕಲ್ನಾಡು ಸಿಗುತ್ತಿರಲಿಲ್ಲ, ಮನೆಯವರಿಗೆ ಪಟ್ಟವೂ ಇಲ್ಲ. ಎರೆಯಪ್ಪ ಮೆಚ್ಚಿದ್ದು ಕಂಡಲ್ಲ, ಕೇಳಿ. ಅಂದರೆ ನೋಡಿದ ಯಾರೋ ಬಂದು ಹೇಳಿದ್ದಾರೆ. ಗುಂಪಿನಲ್ಲಿ ಒಬ್ಬನನ್ನು ದೊಡ್ಡದು ಮಾಡುವುದು ಆ ಸಾಕ್ಷಿಯ ಹೇಳಿಕೆಯನ್ನು ಕಲ್ಲಿಗೆ ಇಳಿಸುವ ವಿಧಾನ.

ಇದೇ ಸಂಗ್ರಹಾಲಯದ ಆತಕೂರಿನ ಕಲ್ಲು (949-50) ಈ ವಿವೇಕವನ್ನು ತಿರುವಿ ತೋರಿಸುತ್ತದೆ. ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ ತಕ್ಕೋಲದ ಮಹಾಯುದ್ಧ ಬರಹದಲ್ಲಿದೆ. ಚಿತ್ರದಲ್ಲಿರುವುದು ಬೂತುಗನ ಬಂಟ ಮಣಲೆರನ ನಾಯಿ ಕಾಳಿ ಮತ್ತು ಅದು ಎದುರಿಸಿದ ಹಂದಿ ಮಾತ್ರ. ಆ ಊರಿನವರು ತಮ್ಮ ಕಣ್ಣಾರೆ ಕಂಡದ್ದು ತಕ್ಕೋಲವನ್ನಲ್ಲ, ಹಂದಿಯನ್ನು.

ಇದರ ಮುಂದೆ ಹಳೇಬೀಡಿನ ಪಟ್ಟಿಕೆಗಳ ಸೇನೆಯನ್ನು ಇಟ್ಟರೆ ಅದು ದಸರಾ ಮೆರವಣಿಗೆಯಂತೆ ಕಾಣುತ್ತದೆ. ಆನೆಗಳೆಲ್ಲ ಒಂದೇ ಎತ್ತರ, ಸವಾರರೆಲ್ಲ ಒಂದೇ ಭಂಗಿ, ಯಾರ ಮೈಮೇಲೂ ಧೂಳಿಲ್ಲ. ಬಳಪದ ಕಲ್ಲು ಬೆಣ್ಣೆಯಂತೆ ಕೊಯ್ಯಲು ಬರುತ್ತದೆ ಎಂಬ ಕಾರಣಕ್ಕೇ ಬೆರಳುಗುರು, ಸರದ ಮಣಿಗಳನ್ನೆಲ್ಲ ಕೊರೆಯಲಾಯಿತು. ಪ್ರವಾಸಿ ಅದನ್ನೇ ಶಿಲ್ಪವೆಂದು ನಂಬಿದ. ನಯವೇ ಕಲೆ ಎಂಬ ಈ ಅಭಿರುಚಿ ಇಂದು ಐಷಾರಾಮಿ ಹೋಟೆಲುಗಳ ಲಾಬಿಯವರೆಗೆ ಬಂದಿದೆ. ವೀರಗಲ್ಲಿನ ಕಣಶಿಲೆಯಲ್ಲಾದರೋ ಉಳಿ ಒಂದು ಸಲ ಜಾರಿದರೆ ಮುಗಿಯಿತು. ಅಲ್ಲಿ ಕುಟಿಗ ಬಿಟ್ಟದ್ದೂ ತೀರ್ಮಾನವೇ.

ಅಕ್ಷರದ ಮೇಲಿನ ಅತಿಯಾದ ಮೋಹವೂ ಇದೇ ಜಗಳದ ಇನ್ನೊಂದು ಮುಖ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟ ಬರಹವಿದ್ದ ಕಲ್ಲುಗಳಿಗೆ ಸಂಖ್ಯೆ ಕೊಟ್ಟಿತು. ಶಾಸನ ಸಂಪುಟದ ಕೆಲಸವೇ ಅದು, ಆಕ್ಷೇಪಿಸುವಂತಿಲ್ಲ. ಆದರೆ ಆಮೇಲೆ ಬಂದ ವಿಮರ್ಶೆ ಸಂಖ್ಯೆ ಇದ್ದ ಕಲ್ಲನ್ನಷ್ಟೇ ನೋಡಿತು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳ ಬದಿಯ ಹಳೆಯ ಊರುಗಳಲ್ಲಿ ಒಂದಕ್ಷರವೂ ಇಲ್ಲದ ವೀರಗಲ್ಲುಗಳು ಸುಣ್ಣ, ಕುಂಕುಮ ಬಳಿಸಿಕೊಂಡು ಅರಳಿಕಟ್ಟೆಯ ಪಕ್ಕ ನಿಂತಿವೆ. ಅವುಗಳ ಮುಂದೆ ಕಾಯಿ ಒಡೆಯುವವರಿದ್ದಾರೆ. ಅವುಗಳ ಶೈಲಿ, ಕಾಲ, ಕೈಚಳಕಗಳನ್ನು ಬಿಡಿಸಿ ಹೇಳುವ ಕೆಲಸವನ್ನು ಕನ್ನಡದ ಕಲಾವಿಮರ್ಶೆ ಗಂಭೀರವಾಗಿ ಕೈಗೆತ್ತಿಕೊಂಡಿಲ್ಲ.