ತೆರೆಯ ಹಿಂದಿನ ಕಥೆಗಳೂ ‘ಆಕ್ಸಿಡೆಂಟ್’ ಚಿತ್ರವೂ

ಚಲಚ್ಚಿತ್ರದ ಕಥೆಗಿಂತ ಅದು ತಯಾರಾದ ಕಥೆಯನ್ನೇ ಹೆಚ್ಚು ಆಸಕ್ತಿಯಿಂದ ಹೇಳಿಕೊಳ್ಳುವ ವಾಡಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆದಿದೆ. ಕೊಲೆ, ಪತ್ತೇದಾರಿಕೆಗಳ ಚಿತ್ರವಾದರಂತೂ ಹೇಳಬೇಕಾದುದೇ ಇಲ್ಲ. ಯಾವ ನಟನು ಎಲ್ಲಿ ಬಿದ್ದನು, ಯಾವ ದೃಶ್ಯವನ್ನು ಎಷ್ಟು ಸಲ ತೆಗೆದರು ಎಂಬುದನ್ನೆಲ್ಲ ಕಂಠಪಾಠ ಮಾಡಿದ ಬಾಲಕನನ್ನು, ಆ ದೃಶ್ಯವು ಚಿತ್ರದಲ್ಲಿ ಏಕೆ ಬಂದಿತೆಂದು ಕೇಳಿದರೆ ಉತ್ತರ ಹೊರಡುವುದಿಲ್ಲ. ಇಂತಹ ಸಂಗತಿಗಳೆಲ್ಲ ನಿರರ್ಥಕವೆಂದು ನಾವು ಹೇಳುವುದಿಲ್ಲ. ಕೆಲವು ಚಿತ್ರವನ್ನು ಬೆಳಗುತ್ತವೆ; ಕೆಲವು ಅದರ ಮೇಲೆ ಹೊಗೆ ಕವಿಸುತ್ತವೆ. ಶಂಕರ್ ನಾಗ್ ಅವರು 1985ರಲ್ಲಿ ನಿರ್ದೇಶಿಸಿದ ‘ಆಕ್ಸಿಡೆಂಟ್’ ಚಿತ್ರದ ವಿಷಯದಲ್ಲಿ ಈ ಎರಡು ಬಗೆಯೂ ಉಂಟು.

ಚಿತ್ರವನ್ನು ನೋಡದವರಿಗಾಗಿ ಎರಡು ಮಾತು. ಮಾದಕ ಪದಾರ್ಥದ ಅಮಲಿನಲ್ಲಿ ಯುವಕನೊಬ್ಬನು ರಾತ್ರಿ ಕಾರು ನಡೆಸಿ, ನಗರದ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಅದನ್ನು ಹರಿಸುತ್ತಾನೆ. ಅವನ ತಂದೆ ಧರ್ಮಾಧಿಕಾರಿಯು ಪ್ರಭಾವಶಾಲಿಯಾದ ರಾಜಕಾರಣಿ. ಪ್ರಕರಣವನ್ನು ಮುಚ್ಚಲು ತಂದೆ, ತೆರೆಯಲು ಪತ್ರಕರ್ತ. ಕೊಂದವನು ಯಾರೆಂಬುದು ನೋಡುವವರಿಗೆ ಮೊದಲೇ ಗೊತ್ತು. ಗೊತ್ತಿದ್ದ ಸತ್ಯವು ಉಳಿಯುವುದೋ ಅಳಿಯುವುದೋ ಎಂಬುದರಲ್ಲಿಯೇ ಇಲ್ಲಿಯ ಕುತೂಹಲವೆಲ್ಲ ಇದೆ.

ಈಗ ತೆರೆಯ ಹಿಂದಿನ ಸಂಗತಿಗಳು. ವಸಂತ ಮೊಕಾಶಿಯವರು ಬರೆದ ಈ ಚಿತ್ರದಲ್ಲಿ ಹಾಡುಗಳಿಲ್ಲ. ಇಷ್ಟನ್ನು ಹಲವರು ಬಲ್ಲರು. ಆದರೆ ಸಂಗೀತ ಒದಗಿಸಿದವರು ಇಳಯರಾಜ ಎಂಬುದನ್ನು ಇದರೊಡನೆ ಕೂಡಿಸಿ ನೋಡಬೇಕು. ಇದೇ ಶಂಕರ್ ನಾಗ್, ಇದೇ ಇಳಯರಾಜ 1981ರಲ್ಲಿ ‘ಗೀತಾ’ ಚಿತ್ರಕ್ಕಾಗಿ ಒಂದುಗೂಡಿದ್ದರು. ಅದರ ಹಾಡುಗಳು ಇಂದಿಗೂ ಜನರ ನಾಲಗೆಯ ಮೇಲಿವೆ. ಹಾಡಿನಿಂದಲೇ ಚಿತ್ರವನ್ನು ಗೆಲ್ಲಿಸಬಲ್ಲವರನ್ನು ಕರೆತಂದು ಒಂದು ಹಾಡನ್ನೂ ಕೇಳದೆ ಬಿಟ್ಟ ನಿರ್ದೇಶಕನ ಸಂಯಮ ಸಾಮಾನ್ಯವಾದುದಲ್ಲ. ಆಗ ಅವರಿಗಿನ್ನೂ ಮೂವತ್ತರ ಪ್ರಾಯ. ಸತ್ತವರ ಹೆಣಗಳಿಗೂ ಧರ್ಮಾಧಿಕಾರಿಯ ಮನೆಗೂ ನಡುವೆ ಒಂದು ಪ್ರಣಯಗೀತೆ ಬಂದಿದ್ದರೆ ಪ್ರೇಕ್ಷಕನಿಗೆ ಉಸಿರಾಡಲು ಬಿಡುವು ಸಿಗುತ್ತಿತ್ತು. ಆ ಬಿಡುವನ್ನು ಕೊಡಬಾರದೆಂಬುದೇ ಇಲ್ಲಿಯ ಉದ್ದೇಶ.

ಪಾತ್ರಹಂಚಿಕೆಯೂ ಹಾಗೆಯೇ. ಪತ್ರಕರ್ತನು ಸ್ವತಃ ಶಂಕರ್ ನಾಗ್. ಧರ್ಮಾಧಿಕಾರಿಯು ಅವರ ಅಣ್ಣ ಅನಂತನಾಗ್. ಅಣ್ಣ ತಮ್ಮಂದಿರು ಎದುರಾಳಿಗಳಾದರೆಂಬುದು ಕೇವಲ ಸ್ವಾರಸ್ಯ. ‘ಚಂದನದ ಗೊಂಬೆ’ಯಂತಹ ಚಿತ್ರಗಳಿಂದ ಕುಟುಂಬಗಳ ಪ್ರೀತಿ ಗಳಿಸಿದ್ದ ಸೌಮ್ಯ ಮುಖವನ್ನೇ ಈ ಪಾತ್ರಕ್ಕೆ ಇಟ್ಟರೆಂಬುದು ಮುಖ್ಯ. ಗದರದೆ, ಹಲ್ಲು ಕಡಿಯದೆ, ಮಾತಿನಲ್ಲಿಯೇ ಸತ್ಯವನ್ನು ಹೂಳುವ ಮನುಷ್ಯನು ಖಳನಂತೆ ತೋರುವುದೇ ಇಲ್ಲ. ನಾವು ಮತ ಕೊಟ್ಟವರಂತೆ ತೋರುತ್ತಾನೆ. (ಅನಂತನಾಗ್ ಅವರು ಮುಂದೆ 1994ರಲ್ಲಿ ಶಾಸಕರಾದುದನ್ನು ಹುಡುಗರು ಇಲ್ಲಿಗೆ ಗಂಟುಹಾಕುವುದುಂಟು. ಅದು ಚಿತ್ರಕ್ಕೆ ಸೇರಿದ ಮಾತಲ್ಲ.)

ಇನ್ನು ಹೊಗೆ ಕವಿಸುವ ಸಂಗತಿ. 1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೊರಟಿದ್ದ ಶಂಕರ್ ನಾಗ್ ಅವರು ದಾವಣಗೆರೆಯ ಬಳಿ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಈಡಾಗಿ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಅಂದಿನಿಂದ ‘ಆಕ್ಸಿಡೆಂಟ್’ ಎಂದೊಡನೆ ಜನರು ಹೇಳುವ ಮಾತು ಒಂದೇ: ತನ್ನ ಸಾವನ್ನು ತಾನೇ ಮೊದಲು ಚಿತ್ರಿಸಿದ್ದನು, ವಿಧಿಯ ಸಂಕೇತ! ದುಃಖದಿಂದ ಹುಟ್ಟಿದ ಮಾತಾದ್ದರಿಂದ ನಾವು ಹಾಸ್ಯ ಮಾಡಲಾರೆವು. ಆದರೆ ಈ ಮಾತು ಚಿತ್ರಕ್ಕೆ ಅನ್ಯಾಯ ಮಾಡುತ್ತದೆ. ಚಿತ್ರದ ಹೆಸರಿನಲ್ಲಿಯೇ ವ್ಯಂಗ್ಯವಿದೆ. ಅಪಘಾತವೆಂದರೆ ಯಾರ ತಪ್ಪೂ ಅಲ್ಲದ್ದು. ಧರ್ಮಾಧಿಕಾರಿಗೆ ಬೇಕಾದುದು ಅದೇ ಶಬ್ದ. ಅದು ಅಪಘಾತವಲ್ಲ, ಅಪರಾಧವೆಂದು ಚಿತ್ರವು ಉದ್ದಕ್ಕೂ ವಾದಿಸುತ್ತದೆ. ಅಂತಹ ಚಿತ್ರವನ್ನು ವಿಧಿಯ ಲೆಕ್ಕಕ್ಕೆ ಬರೆದುಬಿಟ್ಟರೆ ಧರ್ಮಾಧಿಕಾರಿಯ ಪಕ್ಷವೇ ಗೆದ್ದಂತಾಯಿತು. ಫುಟ್‌ಪಾತಿನ ಮೇಲೆ ಸತ್ತವರು ಎರಡನೆಯ ಸಲ ಮರೆಯಾಗುತ್ತಾರೆ.

ಹೋಲಿಕೆ ಬೇಕಾದರೆ ಬೇರೊಂದುಂಟು. ಚಿತ್ರವು ಬಂದು 17 ವರ್ಷಗಳಾದ ಮೇಲೆ, 2002ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಬಾಂದ್ರಾದಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಕಾರು ಹರಿದು ಒಬ್ಬನು ಸತ್ತು ನಾಲ್ವರು ಗಾಯಗೊಂಡರು. 13 ವರ್ಷ ನಡೆದ ಮೊಕದ್ದಮೆಯಲ್ಲಿ ಆಪಾದಿತನಾದ ನಟನ ಹೆಸರನ್ನು ದೇಶದ ಮಕ್ಕಳೆಲ್ಲ ಬಲ್ಲರು. ಸತ್ತವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಆದವಾನಿ, ಆಲೂರು ಸೀಮೆಯ ನಾವು ಈ ಪ್ರಶ್ನೆಯನ್ನು ದೂರದ್ದೆಂದು ತಳ್ಳುವಂತಿಲ್ಲ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಪೆದ್ದಕಡಬೂರು, ಹೊಳಗುಂದದ ಕಡೆಯಿಂದ ಸಂಸಾರಗಳು ಗುಳೆ ಹೊರಡುತ್ತವೆ. ಕೆಲವರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬೀಳುವ ತಿಂಗಳುಗಳನ್ನು ನಮ್ಮ ಉಪಾಧ್ಯಾಯ ಮಿತ್ರರು ಚೆನ್ನಾಗಿ ಬಲ್ಲರು. ರಮೇಶ್ ಭಟ್ ಅವರು ಅಭಿನಯಿಸಿದ ಕೂಲಿಕಾರನು, ಎಲ್ಲವನ್ನೂ ಕಳೆದುಕೊಂಡು ಸಾಕ್ಷಿಯಾಗಿ ಉಳಿದವನು, ನಮ್ಮ ಮಕ್ಕಳಿಗೆ ಅಪರಿಚಿತನಲ್ಲ.

ಇಲ್ಲಿಯೇ ಚಿತ್ರದ ಕೊರತೆಯನ್ನೂ ಹೇಳಬೇಕು. ಪತ್ರಕರ್ತನ ಧೈರ್ಯಕ್ಕೂ ರಾಜಕಾರಣಿಯ ಚಾತುರ್ಯಕ್ಕೂ ದೊರೆತ ಸ್ಥಳ ಈ ಕೂಲಿಕಾರನ ಸಂಸಾರಕ್ಕೆ ದೊರೆತಿಲ್ಲ. ಅವರು ಯಾವ ಊರಿನಿಂದ ಬಂದರು, ಏಕೆ ಬಂದರು ಎಂಬುದನ್ನು ತೋರಿಸಲು ಇನ್ನೊಂದು ಹತ್ತು ನಿಮಿಷ ಮೀಸಲಿಟ್ಟಿದ್ದರೆ ಚಿತ್ರದ ಪೆಟ್ಟು ಮತ್ತಷ್ಟು ಆಳಕ್ಕೆ ಇಳಿಯುತ್ತಿತ್ತು. ಇತರ ಸಾಮಾಜಿಕ ಸಮಸ್ಯೆಗಳನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂದುದು ಯೋಗ್ಯವೇ; ಆದರೂ ಈ ಮಾತು ನಿಲ್ಲುತ್ತದೆ.

ಅಮಲಿನ ದೃಶ್ಯಗಳಿರುವುದರಿಂದ ಚಿಕ್ಕ ತರಗತಿಗಳಿಗೆ ಇದು ತಕ್ಕುದಲ್ಲ. ಪ್ರೌಢಶಾಲೆಯ ಹುಡುಗರಿಗೆ ತೋರಿಸುವವರು ಆನಗೋಡಿನ ಸಂಗತಿಯನ್ನು ಮೊದಲೇ ಹೇಳದಿರುವುದು ಒಳ್ಳೆಯದು. ಚಿತ್ರ ಮುಗಿದ ಮೇಲೆ, ಸತ್ತವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನರ ಹೆಸರು ಕೇಳಿಸಿತು ಎಂದು ಕೇಳಿ ನೋಡಲಿ.